ಕ್ರಿಟ್ ರೇಟ್, ಕ್ರಿಟ್ ಡ್ಯಾಮೇಜ್: ಮೂವತ್ತು-ನಲವತ್ತರ ಸೈಟಿನ ಲೆಕ್ಕ

ದೀಪಾವಳಿ ರಜೆಗೆ ದುರ್ಗದಿಂದ ದಾವಣಗೆರೆಗೆ ಬಂದಿದ್ದ ಚಿಕ್ಕಪ್ಪನ ಮಗ ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತ. ಪಿಯುಸಿ ಓದುವ ಹುಡುಗ, ಗೆನ್ಶಿನ್ ಇಂಪ್ಯಾಕ್ಟ್ ಅನ್ನುವ ಫೋನಿನ ಆಟ ಆಡುತ್ತಾನೆ. ಮುಖ ಸಪ್ಪಗಿತ್ತು.

"ನೋಡಣ್ಣ, ಒಂದೇ ಏಟಿಗೆ ಹದಿನೈದು ಸಾವಿರ ಬೀಳುತ್ತೆ. ಆದ್ರೂ ಬಾಸ್ ಸಾಯಲ್ಲ, ಟೈಮ್ ಮುಗಿದೋಗುತ್ತೆ. ಇನ್ನೇನ್ ಮಾಡ್ಲಿ?"

ಕ್ಯಾರೆಕ್ಟರ್ ಪುಟ ತೆಗೆಸಿ ನೋಡಿದೆ. ಕ್ರಿಟ್ ರೇಟ್ 22, ಕ್ರಿಟ್ ಡ್ಯಾಮೇಜ್ 196. ಕ್ರಿಟ್ ಅಂದರೆ ಒಮ್ಮೊಮ್ಮೆ ಮಾಮೂಲಿಗಿಂತ ಜೋರಾಗಿ ಬೀಳುವ ಏಟು. ತೊಂದರೆ ಅಲ್ಲೇ ಇತ್ತು. ಆ ಹದಿನೈದು ಸಾವಿರ ಅವನ ಕಣ್ಣಲ್ಲಿ ಕೂತುಬಿಟ್ಟಿತ್ತು. ಅದು ಬರುವುದು ಐದು ಏಟಿಗೆ ಒಂದು ಸಲ ಅನ್ನುವುದು ಮಾತ್ರ ಅವನ ಗಮನಕ್ಕೆ ಬಂದಿರಲಿಲ್ಲ.

ನಾನು ಎಪಿಎಂಸಿ ಹತ್ತಿರ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹಗಲೆಲ್ಲ ತೂಕ ಇಂಟು ದರ, ತೂಕ ಇಂಟು ದರ. ಆಟದ ಈ ಲೆಕ್ಕವೂ ಅದೇ ಜಾತಿಯದು. ಕ್ವಿಂಟಲ್‌ಗೆ ದರ ಎಷ್ಟೇ ಏರಲಿ, ತಂದಿರುವುದು ಎರಡೇ ಚೀಲ ಆದರೆ ರೈತ ಎರಡು ಚೀಲದ ದುಡ್ಡನ್ನೇ ಎಣಿಸಿಕೊಂಡು ಹೋಗಬೇಕು. ಅವತ್ತು ರಾತ್ರಿ ತಮ್ಮನಿಗೆ ತೋರಿಸಿಕೊಟ್ಟದ್ದನ್ನು, ಆಮೇಲೆ ಅವನು ಫೋನ್ ಮಾಡಿ ಮಾಡಿ ಕೇಳಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಗೆನ್ಶಿನ್‌ನವು. ಲೆಕ್ಕ ಮಾತ್ರ ಕ್ರಿಟ್ ಇರುವ ಯಾವ ಆರ್‌ಪಿಜಿಗೂ, ಅಂದರೆ ಪಾತ್ರವನ್ನು ಬೆಳೆಸುತ್ತಾ ಆಡುವ ಆಟಕ್ಕೂ, ಕೂರುತ್ತದೆ.

ಮೊದಲು, ನಿಮ್ಮ ಆಟ ಅಂಕಿಯನ್ನು ಹೇಗೆ ಬರೆಯುತ್ತದೆ ನೋಡಿ

ಕ್ರಿಟ್ ರೇಟ್ ಅಂದರೆ ನೂರು ಏಟಿನಲ್ಲಿ ಎಷ್ಟು ಏಟು ಕ್ರಿಟ್ ಆಗಬಹುದು ಅನ್ನುವುದು. ಕ್ರಿಟ್ ಡ್ಯಾಮೇಜ್ ಅಂದರೆ ಕ್ರಿಟ್ ಆದ ಏಟು ಮಾಮೂಲಿಗಿಂತ ಎಷ್ಟು ಜೋರು ಅನ್ನುವುದು. ಎರಡನೆಯದನ್ನು ಬರೆಯುವ ಕ್ರಮ ಆಟದಿಂದ ಆಟಕ್ಕೆ ಬೇರೆ, ಹೊಸಬರು ತಪ್ಪುವುದೇ ಇಲ್ಲಿ. ಗೆನ್ಶಿನ್ ಮತ್ತು ಹೊಂಕಾಯ್ ಸ್ಟಾರ್ ರೇಲ್ ಎರಡರಲ್ಲೂ ಏನೂ ತೊಡಿಸದ ಕ್ಯಾರೆಕ್ಟರ್‌ಗೆ ಕ್ರಿಟ್ ರೇಟ್ 5, ಕ್ರಿಟ್ ಡ್ಯಾಮೇಜ್ 50 ಇರುತ್ತದೆ. ಆ 50 ಅಂದರೆ ಮಾಮೂಲಿ ಏಟಿನ ಮೇಲೆ ಇನ್ನು ಅರ್ಧ. ವುದರಿಂಗ್ ವೇವ್ಸ್‌ನಲ್ಲಿ ಅದೇ ಆರಂಭದ ಅಂಕಿಯನ್ನು 150 ಎಂದು ತೋರಿಸುತ್ತಾರೆ, ಮಾಮೂಲಿ ಏಟಿನ ನೂರನ್ನೂ ಸೇರಿಸಿ. ಎರಡೂ ಒಂದೇ. 150 ಎಂದು ಬರೆಯುವ ಆಟವಾದರೆ ಮೊದಲು ಅದರಿಂದ 100 ಕಳೆಯಿರಿ, ಉಳಿದದ್ದನ್ನು ಮುಂದಿನ ಲೆಕ್ಕಕ್ಕೆ ತಗೊಳ್ಳಿ.

ಕ್ರಿಟ್‌ನ ಜೋರು ಬಹುಪಾಲು ಕಟ್ಟಿಟ್ಟದ್ದೇ ಆಗಿರುವ ಆಟಗಳೂ ಇವೆ. ಈಗಿನ ಪೋಕೆಮಾನ್ ಆಟಗಳಲ್ಲಿ ಮಾಮೂಲಿ ಏಟು ಕ್ರಿಟ್ ಆಗುವುದು 24ಕ್ಕೆ ಒಂದು ಸಲ, ಆದಾಗ ಒಂದೂವರೆ ಪಟ್ಟು. ಮಾನ್‌ಸ್ಟರ್ ಹಂಟರ್‌ನಲ್ಲಿ ಕ್ರಿಟ್ ರೇಟಿಗೆ ಅಫಿನಿಟಿ ಅನ್ನುತ್ತಾರೆ. ಕ್ರಿಟ್ ಆದರೆ 1.25 ಪಟ್ಟು, ಅದನ್ನು ಏರಿಸಲು ಬೇರೆಯೇ ಸ್ಕಿಲ್ ಹಾಕಿಕೊಳ್ಳಬೇಕು. ಅಫಿನಿಟಿ ಮೈನಸ್ ಇರುವ ಆಯುಧ ಹಿಡಿದರೆ ಏಟು ಒಮ್ಮೊಮ್ಮೆ ಕಡಿಮೆಯೇ ಬೀಳುತ್ತದೆ. ಇಂಥ ಆಟಗಳಲ್ಲಿ ಎರಡು ಅಂಕಿಯನ್ನು ತೂಗುವ ಕೆಲಸವೇ ಕಡಿಮೆ. ದಾಳ ಉರುಳಿಸಿ ಆಡುತ್ತಿದ್ದ ಕಾಲದಿಂದಲೂ ಇದರ ಬೇರು ಹಾಗೇ ಇದೆ. 1975ರಲ್ಲಿ ಬಂದ ಎಂಪೈರ್ ಆಫ್ ದಿ ಪೆಟಲ್ ಥ್ರೋನ್ ಆಟದಲ್ಲಿ 20 ಮುಖದ ದಾಳದ ಮೇಲೆ 20 ಬಿದ್ದರೆ ಏಟು ಇಮ್ಮಡಿ. ಇಪ್ಪತ್ತಕ್ಕೆ ಒಂದು, ಅಂದರೆ ನೂರಕ್ಕೆ ಐದು. ಇವತ್ತಿನ ಫೋನಿನ ಆಟಗಳೂ ಅದೇ 5 ಪರ್ಸೆಂಟ್‌ನಿಂದ ಶುರುವಾಗುವುದನ್ನು ನೋಡಿದಾಗ ನನಗೆ ಖುಷಿಯಾಗುತ್ತದೆ.

ಸರಾಸರಿ ಏಟನ್ನು ಕೈಯಲ್ಲೇ ತೆಗೆಯಿರಿ

ಸೂತ್ರ ಒಂದೇ ಸಾಲು. ಸರಾಸರಿ ಗುಣಕ = 1 + (ಕ್ರಿಟ್ ರೇಟ್ × ಕ್ರಿಟ್ ಡ್ಯಾಮೇಜ್). ಎರಡನ್ನೂ ನೂರರಿಂದ ಭಾಗಿಸಿ ಹಾಕಬೇಕು, ಅಷ್ಟೇ.

ತಮ್ಮನ ಅಂಕಿ ಹಾಕಿ ನೋಡಿ. 0.22 × 1.96 = 0.431. ಒಂದು ಸೇರಿಸಿದರೆ 1.431. ಇಷ್ಟೊಂದು ಆರ್ಟಿಫ್ಯಾಕ್ಟ್ (ಪಾತ್ರಕ್ಕೆ ತೊಡಿಸುವ ಸಾಮಾನು) ಕೂಡಿಹಾಕಿ, ತಿಂಗಳುಗಟ್ಟಲೆ ಆಡಿ, ಅವನಿಗೆ ಕ್ರಿಟ್‌ನಿಂದ ಸಿಗುತ್ತಿದ್ದ ಲಾಭ ನೂರಕ್ಕೆ 43. ಇದೇ ಸಾಮಾನನ್ನು ಬೇರೆ ಥರ ಹಂಚಿ ರೇಟ್ 60, ಡ್ಯಾಮೇಜ್ 120 ಮಾಡಿದ್ದರೆ 0.60 × 1.20 = 0.72, ಗುಣಕ 1.72. ಒಂದು ಬೆವರಹನಿಯೂ ಹೆಚ್ಚು ಸುರಿಸದೆ ನೂರಕ್ಕೆ 20ರಷ್ಟು ಜಾಸ್ತಿ ಏಟು.

"ಅದೇ ಸಾಮಾನು" ಅಂತ ಹೇಗೆ ಹೇಳುತ್ತೀರಿ ಎಂದು ಅವನೂ ಕೇಳಿದ. ಅದಕ್ಕೆ ಸೈಟಿನ ಲೆಕ್ಕಕ್ಕೆ ಬರಬೇಕಾಯಿತು.

ಕಾಂಪೌಂಡ್ ಗೋಡೆ ಮತ್ತು ಚದರಡಿ

ನಮ್ಮೂರಲ್ಲಿ ಸೈಟು ಅಂದರೆ ಮೊದಲು ಬಾಯಿಗೆ ಬರುವುದೇ ಮೂವತ್ತು-ನಲವತ್ತು. ಶಾಮನೂರು ರಸ್ತೆ ಕಡೆ ಹೊಸ ಲೇಔಟ್ ನೋಡಲು ಹೋದವರೆಲ್ಲ ಇದೇ ಅಳತೆಯಲ್ಲಿ ಮಾತಾಡುತ್ತಾರೆ. ಈಗ ಒಂದು ಮಾತು ಯೋಚಿಸಿ. ನಿಮ್ಮ ಹತ್ತಿರ 140 ಅಡಿ ಕಾಂಪೌಂಡ್ ಕಟ್ಟುವಷ್ಟೇ ಇಟ್ಟಿಗೆ ಇದೆ. ಎಷ್ಟು ಜಾಗ ಸುತ್ತಬಹುದು?

10 ಅಡಿ ಅಗಲ, 60 ಅಡಿ ಉದ್ದ ಸುತ್ತಿದರೆ 600 ಚದರಡಿ. 20×50 ಆದರೆ 1,000. 30×40 ಆದರೆ 1,200. 35×35 ಆದರೆ 1,225. ಗೋಡೆ ಅಷ್ಟೇ, ಒಳಗೆ ಸಿಕ್ಕ ಜಾಗ ಬೇರೆ ಬೇರೆ. ಎರಡು ಬದಿ ಸಮ ಆದಾಗ ಜಾಗ ಅತಿ ಹೆಚ್ಚು.

ಕ್ರಿಟ್ ರೇಟ್ ಒಂದು ಬದಿ, ಕ್ರಿಟ್ ಡ್ಯಾಮೇಜ್ ಇನ್ನೊಂದು ಬದಿ. ಒಳಗಿನ ಚದರಡಿಯೇ ನಿಮ್ಮ ಲಾಭ. ಒಂದೇ ವ್ಯತ್ಯಾಸ, ಈ ಎರಡು ಬದಿಯ ಇಟ್ಟಿಗೆಗೆ ದರ ಬೇರೆ. ಗೆನ್ಶಿನ್‌ನ ಐದು ಸ್ಟಾರ್ ಆರ್ಟಿಫ್ಯಾಕ್ಟ್‌ನಲ್ಲಿ ಒಂದು ಸಬ್‌ಸ್ಟ್ಯಾಟ್ ರೋಲ್‌ಗೆ (ಅದರ ಉಪ ಅಂಕಿ ಒಂದು ಸಲ ಏರಿದರೆ) ಹೆಚ್ಚೆಂದರೆ ರೇಟ್ 3.9 ಸಿಗುತ್ತದೆ, ಇಲ್ಲವೇ ಡ್ಯಾಮೇಜ್ 7.8. ಸರ್ಕ್ಲೆಟ್, ಅಂದರೆ ತಲೆಗೆ ತೊಡಿಸುವ ಆರ್ಟಿಫ್ಯಾಕ್ಟ್‌ನ ಮೇನ್ ಸ್ಟ್ಯಾಟ್ (ಮುಖ್ಯ ಅಂಕಿ) 20ನೇ ಲೆವೆಲ್‌ಗೆ ರೇಟ್ ಆದರೆ 31.1, ಡ್ಯಾಮೇಜ್ ಆದರೆ 62.2. ಐದು ಸ್ಟಾರ್ ಕ್ಯಾರೆಕ್ಟರ್‌ಗಳಲ್ಲಿ ಕೆಲವರಿಗೆ ಲೆವೆಲ್ ಏರಿದಂತೆ ಸಿಗುವ ಕ್ರಿಟ್ ಬೋನಸ್‌ನಲ್ಲೂ 19.2 ರೇಟ್, ಇಲ್ಲವೇ 38.4 ಡ್ಯಾಮೇಜ್. ಎಲ್ಲಿ ನೋಡಿದರೂ ಒಂದಕ್ಕೆ ಎರಡು. ಸ್ಟಾರ್ ರೇಲ್‌ನಲ್ಲಿ ಮೈಗೆ ತೊಡಿಸುವ ಬಾಡಿ ಪೀಸ್ 32.4 ಇಲ್ಲವೇ 64.8. ವುದರಿಂಗ್ ವೇವ್ಸ್‌ನ ದೊಡ್ಡ ಎಕೋದಲ್ಲಿ (ಅಲ್ಲಿ ತೊಡಿಸುವ ಸಾಮಾನು) 22 ಇಲ್ಲವೇ 44. ಅಲ್ಲೂ ಅದೇ ದರ. "ಒಂದಕ್ಕೆ ಎರಡು ಇಟ್ಟುಕೊಳ್ಳಿ" ಎಂದು ಎಲ್ಲರೂ ಹೇಳುವುದರ ಮೂಲ ಇದು. ಇದು ಕ್ರಿಟ್‌ನ ಸ್ವಭಾವ ಅಲ್ಲ, ಆ ಆಟ ಕಟ್ಟಿದವರು ಇಟ್ಟ ಬೆಲೆ. ಹೊಸ ಆಟಕ್ಕೆ ಕೈ ಹಾಕಿದಾಗ ಒಂದೇ ಜಾಗಕ್ಕೆ ತೊಡಿಸುವ ಎರಡು ಸಾಮಾನು ಅಕ್ಕಪಕ್ಕ ಇಟ್ಟು ಬೆಲೆ ಏನೆಂದು ಮೊದಲು ತಿಳಿದುಕೊಳ್ಳಿ. ಅಲ್ಲಿ ಒಂದಕ್ಕೆ ಮೂರು ಇದ್ದರೆ ನಿಮ್ಮ ಹಂಚಿಕೆಯೂ ಒಂದಕ್ಕೆ ಮೂರು ಆಗಬೇಕು.

ಒಂದಕ್ಕೆ ಎರಡರ ಆಟದಲ್ಲಿ ನಿಮ್ಮ ಹತ್ತಿರ ಒಟ್ಟು ಎಷ್ಟು ಇಟ್ಟಿಗೆ ಇದೆ ಎಂದು ತಿಳಿಯಲು ರೇಟನ್ನು ಇಮ್ಮಡಿ ಮಾಡಿ ಡ್ಯಾಮೇಜ್‌ಗೆ ಕೂಡಿಸಿ. ತಮ್ಮನದು 44 + 196 = 240. ಅವನು ಕಟ್ಟಿಕೊಂಡಿದ್ದು 44 ಅಡಿ ಅಗಲದ, 196 ಅಡಿ ಉದ್ದದ ಸೈಟು. ಓಣಿ ಇದ್ದ ಹಾಗೆ. ಚೌಕ ಮಾಡಿದ್ದರೆ 120×120, ಅಂದರೆ ರೇಟ್ 60, ಡ್ಯಾಮೇಜ್ 120.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಇದನ್ನು ಯಾರೂ ಹೇಳುವುದಿಲ್ಲ. ಮೇಲಿನ ಸೈಟಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. 35×35ಕ್ಕೂ 30×40ಕ್ಕೂ ಇರುವ ವ್ಯತ್ಯಾಸ 25 ಚದರಡಿ, ನೂರಕ್ಕೆ ಎರಡು. ಚೌಕದ ಹತ್ತಿರ ಬಂದ ಮೇಲೆ ಅಲ್ಪಸ್ವಲ್ಪ ಆಚೀಚೆ ಆದರೆ ನಷ್ಟವೇ ಇಲ್ಲ ಅನ್ನುವಷ್ಟು ಕಡಿಮೆ. 240ರ ಬಂಡವಾಳದಲ್ಲಿ ರೇಟ್ 50, ಡ್ಯಾಮೇಜ್ 140 ಇಟ್ಟುಕೊಂಡರೂ ಗುಣಕ 1.70, ಚೌಕದ 1.72ಕ್ಕಿಂತ ನೂರಕ್ಕೆ ಒಂದು ಚಿಲ್ಲರೆ ಕಡಿಮೆ ಅಷ್ಟೇ. ಆದ್ದರಿಂದ ಸರಿಯಾಗಿ 60-120 ಆಗಲೇಬೇಕು ಎಂದು ವಾರಗಟ್ಟಲೆ ಕೂರಬೇಡಿ. ಗೆನ್ಶಿನ್‌ನಲ್ಲಿ ಆರ್ಟಿಫ್ಯಾಕ್ಟ್ ಗೆಲ್ಲುವ ಡೊಮೇನ್ ಒಂದು ಸಲಕ್ಕೆ 20 ರೆಸಿನ್ (ಹೊತ್ತು ಕಳೆದಂತೆ ತಾನಾಗಿ ತುಂಬುವ ಆಟದ ಶಕ್ತಿ) ತಿನ್ನುತ್ತದೆ. ಒಂದು ರೆಸಿನ್ ತುಂಬಲು 8 ನಿಮಿಷ. ಅಂದರೆ ಒಂದು ಸಲದ ಡೊಮೇನ್‌ಗೆ 160 ನಿಮಿಷ ಕಾಯಬೇಕು. ನೂರಕ್ಕೆ ಒಂದು ಗಿಟ್ಟಿಸಲು ಅಷ್ಟು ಹೊತ್ತನ್ನು, ಅದಕ್ಕಿಂತ ಹೆಚ್ಚಾಗಿ ಮನೆಯವರ ದುಡ್ಡನ್ನು, ಸುರಿಯುವುದು ಬೇಡ. ಓಣಿಯಂಥ ಸೈಟನ್ನು ಮೂವತ್ತು-ನಲವತ್ತಕ್ಕೆ ತಂದರೆ ಕೆಲಸ ಮುಗಿಯಿತು.

ಸರ್ಕ್ಲೆಟ್ ಬದಲಾಯಿಸಿ, 20 ಏಟು ಎಣಿಸಿದ್ದು

ತಮ್ಮನ ಹತ್ತಿರ ಕ್ರಿಟ್ ಡ್ಯಾಮೇಜ್ ಸರ್ಕ್ಲೆಟ್ ಇತ್ತು. ಬ್ಯಾಗಿನಲ್ಲಿ ಹುಡುಕಿದಾಗ ಹೆಚ್ಚುಕಮ್ಮಿ ಅಂಥದ್ದೇ ಒಂದು ಕ್ರಿಟ್ ರೇಟ್ ಸರ್ಕ್ಲೆಟ್ ಸಿಕ್ಕಿತು. "ಇದು ಯಾಕ್ ಹಾಕಿಲ್ಲ?" ಅಂದೆ. "ಹಾಕಿದ್ರೆ ನಂಬರ್ ಸಣ್ಣದಾಗುತ್ತೆ ಅಣ್ಣ" ಅಂದ. ಲೆಕ್ಕ ಹೇಳಿದರೆ ನಂಬುವ ವಯಸ್ಸಲ್ಲ ಅವನದು. ಹಾಗಾಗಿ ಮಂಡಿಯಿಂದ ತಂದಿದ್ದ ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆ ತೆಗೆದು ಇಬ್ಬರೂ ಕೂತೆವು. ಅವನು ಹೊಡೆಯುವುದು, ನಾನು ಬರೆಯುವುದು.

ಇದನ್ನು ನೀವೂ ಮಾಡಿ ನೋಡಬೇಕು. ಕೆಲವು ಕಟ್ಟುನಿಟ್ಟು ಬೇಕು. ಒಂದೇ ಶತ್ರು, ಒಂದೇ ಲೆವೆಲ್. ಒಂದೇ ಸ್ಕಿಲ್, ಏಕೆಂದರೆ ಮಾಮೂಲಿ ದಾಳಿಯ ಒಂದನೇ ಏಟು, ಎರಡನೇ ಏಟು, ಮೂರನೇ ಏಟಿಗೆ ಬೇರೆ ಬೇರೆ ಗುಣಕ ಇರುತ್ತದೆ. ಜೊತೆಯವರ ಬಫ್ (ಸ್ವಲ್ಪ ಹೊತ್ತು ಸಿಗುವ ಹೆಚ್ಚುವರಿ ಬಲ) ಯಾವುದೂ ಇರಬಾರದು.

ಹಳೇ ಸರ್ಕ್ಲೆಟ್‌ನಲ್ಲಿ ಮಾಮೂಲಿ ಏಟು 5,200. ಕ್ರಿಟ್ 15,392. 20 ಸಲ ಹೊಡೆದ, 4 ಸಲ ಕ್ರಿಟ್ ಆಯಿತು. ಒಟ್ಟು 1,44,768.

ಹೊಸದು ಹಾಕಿದ ಮೇಲೆ ರೇಟ್ 53.1, ಡ್ಯಾಮೇಜ್ 133.8 ತೋರಿಸಿತು. ಮಾಮೂಲಿ ಏಟು ಅದೇ 5,200, ಕ್ರಿಟ್ 12,158ಕ್ಕೆ ಇಳಿಯಿತು. ಅವನ ಮುಖವೂ ಇಳಿಯಿತು. 20 ಏಟು ಮುಗಿಯುವ ಹೊತ್ತಿಗೆ 11 ಕ್ರಿಟ್. ಕೂಡಿಸಿದೆ, 1,80,538. ಹಾಳೆಯನ್ನು ಅವನ ಕಡೆ ತಿರುಗಿಸಿದೆ. ಎರಡು ಮೊತ್ತವನ್ನೂ ಬೆರಳಿಟ್ಟು ಓದಿದ, ಇನ್ನೊಂದು ಸಲ ತಾನೇ ಕೂಡಿಸಿ ನೋಡಿದ. ಆಮೇಲೆ ಸರ್ಕ್ಲೆಟ್ ಬಿಚ್ಚಲಿಲ್ಲ.

20 ಏಟಿನ ಪರೀಕ್ಷೆಯಲ್ಲಿ ಅದೃಷ್ಟದ ಪಾಲು ಇದ್ದೇ ಇರುತ್ತದೆ, ಅದನ್ನು ಮುಚ್ಚಿಡಬಾರದು. ಸೂತ್ರದ ಪ್ರಕಾರ ಹೆಚ್ಚಳ ನೂರಕ್ಕೆ 19-20 ಆಗಬೇಕಿತ್ತು, ನಮಗೆ ಸಿಕ್ಕಿದ್ದು ಸುಮಾರು 25. ರೇಟ್ 50 ಇದ್ದಾಗ 20 ಏಟಿಗೆ 10 ಕ್ರಿಟ್ ಬರಬೇಕು ಎಂದುಕೊಂಡರೂ, 6ರಿಂದ 14ರವರೆಗೆ ಎಷ್ಟು ಬಂದರೂ ಅದು ಸಹಜವೇ. ಇಂಥ ಪರೀಕ್ಷೆಯನ್ನು ನೂರು ಸಲ ಮಾಡಿದರೆ 95-96 ಸಲ ಆ ಮಿತಿಯೊಳಗೇ ಬೀಳುತ್ತದೆ. ಹಾಗಾಗಿ ಎಣಿಸಿದ್ದು ಸೂತ್ರವನ್ನು ಕಣ್ಣಿಗೆ ಕಾಣಿಸುವುದಕ್ಕೆ ಮಾತ್ರ, ತೀರ್ಮಾನ ತಗೊಳ್ಳುವುದು ಸೂತ್ರದಿಂದಲೇ. ಇನ್ನು, "ನಾಲ್ಕು ಸಲ ಕ್ರಿಟ್ ಬಂದಿಲ್ಲ, ಐದನೇದು ಬಂದೇ ಬರುತ್ತೆ" ಅನ್ನುವ ನಂಬಿಕೆಯನ್ನು ಬಿಡಿ. ಡೋಟಾ 2 ಥರದ ಕೆಲವು ಆಟಗಳು ಮಾತ್ರ ಕ್ರಿಟ್ ಬರದೆ ಹೋದಂತೆಲ್ಲ ಸಾಧ್ಯತೆಯನ್ನು ಏರಿಸುತ್ತಾ ಹೋಗುತ್ತವೆ. ಬೇರೆ ಕಡೆ ಪ್ರತಿ ಏಟಿಗೂ ಹೊಸ ದಾಳ.

ಪುಟದಲ್ಲಿ ಕಾಣುವ ಅಂಕಿ ಯುದ್ಧದಲ್ಲಿ ಇರುವ ಅಂಕಿಯಲ್ಲ

ಕ್ರಿಟ್ ರೇಟ್ 100 ದಾಟಿದರೆ ದಾಟಿದ್ದೆಲ್ಲ ವ್ಯರ್ಥ. ಎಷ್ಟೋ ಜನ ತಮಗೇ ಗೊತ್ತಿಲ್ಲದೆ ದಾಟಿರುತ್ತಾರೆ, ಏಕೆಂದರೆ ಯುದ್ಧದ ನಡುವೆ ಬಂದು ಸೇರುವ ಬಫ್‌ಗಳು ಕ್ಯಾರೆಕ್ಟರ್ ಪುಟದಲ್ಲಿ ಕಾಣುವುದಿಲ್ಲ.

ಗೆನ್ಶಿನ್‌ನ ಕ್ರಯೋ, ಅಂದರೆ ಹಿಮದ ಶಕ್ತಿಯ, ಪಾತ್ರಗಳನ್ನು ತಗೊಳ್ಳಿ. ಬ್ಲಿಝರ್ಡ್ ಸ್ಟ್ರೇಯರ್ ಅನ್ನುವ ಆರ್ಟಿಫ್ಯಾಕ್ಟ್ ಸೆಟ್‌ನ ನಾಲ್ಕು ಪೀಸ್ ಹಾಕಿದರೆ ಕ್ರಯೋ ತಗುಲಿದ ಶತ್ರುವಿನ ಮೇಲೆ ರೇಟ್ 20 ಹೆಚ್ಚು, ಅವನು ಹೆಪ್ಪುಗಟ್ಟಿದ್ದರೆ ಇನ್ನೂ 20. ತಂಡದಲ್ಲಿ ಇಬ್ಬರು ಕ್ರಯೋ ಇದ್ದರೆ ರೆಸೊನೆನ್ಸ್ ಅನ್ನುವ ಜೋಡಿ ಬೋನಸ್‌ನಿಂದ ಇನ್ನೊಂದು 15. ಒಟ್ಟು 55. ಪುಟದಲ್ಲಿ 45 ಇದ್ದರೆ ಹೆಪ್ಪುಗಟ್ಟಿದವನ ಮೇಲೆ ನೂರಕ್ಕೆ ನೂರು. ಇಲ್ಲಿ ಪುಟ ನೋಡಿ "ಒಂದಕ್ಕೆ ಎರಡು ಆಗಿಲ್ಲ" ಎಂದು ರೇಟ್ ಸರ್ಕ್ಲೆಟ್ ಹಾಕಿದವರು 31ರಷ್ಟನ್ನೂ ಮಣ್ಣುಪಾಲು ಮಾಡಿದಂತೆ. ಇಂಥ ತಂಡಕ್ಕೆ ಡ್ಯಾಮೇಜ್ ಸರ್ಕ್ಲೆಟ್ಟೇ ಸರಿ. ಆದರೆ ಹೆಪ್ಪುಗಟ್ಟದ ಬಾಸ್‌ಗಳಿದ್ದಾರೆ, ಅವರ ಮುಂದೆ 55 ಹೋಗಿ 35 ಆಗುತ್ತದೆ. ನೀವು ಹೆಚ್ಚು ಯಾರ ಜೊತೆ ಹೊಡೆದಾಡುತ್ತೀರೋ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿ.

ಜೊತೆಗಾರರು ಕ್ರಿಟ್ ಡ್ಯಾಮೇಜ್ ಕೊಡುವವರಾದರೆ ಇದು ತಿರುವುಮುರುವು. ಅವರು ಒಂದು ಬದಿಗೆ ಇಟ್ಟಿಗೆ ತಂದು ಹಾಕುತ್ತಿದ್ದಾರೆ, ನೀವು ಇನ್ನೊಂದು ಬದಿ, ಅಂದರೆ ರೇಟ್, ಕಟ್ಟಿಕೊಳ್ಳಿ.

ಓಬವ್ವನ ಕಿಂಡಿ

ಈವರೆಗೆ ಹೇಳಿದ್ದೆಲ್ಲ ಸರಾಸರಿಯ ಮಾತು. ಉದ್ದಕ್ಕೆ ನಡೆಯುವ ಯುದ್ಧದಲ್ಲಿ, ನೂರಾರು ಏಟು ಬೀಳುವ ಕಡೆ ಸರಾಸರಿಯೇ ಸತ್ಯ. ಎರಡು ಮೂರು ಏಟಿನಲ್ಲಿ ತೀರ್ಮಾನ ಆಗುವ ಕಡೆ ಹಾಗಲ್ಲ.

ದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಂಡೆಗಳ ಸಂದಿಯಲ್ಲಿ ಒಬ್ಬ ಮನುಷ್ಯ ನುಸುಳಿ ಬರುವಷ್ಟೇ ಜಾಗ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ಹೊರಗೆ ಹಾಕಿದಂತೆ ಒನಕೆಯಿಂದ ಒಂದೊಂದು ಏಟು. ಒಂದು ಏಟು ಸಾಲದೆ ಹೋಗಿದ್ದರೆ ಹಿಂದಿನವನಿಗೆ ಗೊತ್ತಾಗಿಬಿಡುತ್ತಿತ್ತು. ಏಟು ಬೇಕಾದ್ದಕ್ಕಿಂತ ಎರಡು ಪಟ್ಟು ಜೋರಾಗಿದ್ದರೂ ಅದರಿಂದ ಲಾಭ ಇರಲಿಲ್ಲ. ಅಲ್ಲಿ ಬೇಕಿದ್ದದ್ದು ಪ್ರತಿ ಸಲವೂ ಸಾಕಾಗುವಷ್ಟು ಏಟು. ದುರ್ಗದ ಹುಡುಗನಿಗೆ ಇಷ್ಟು ಹೇಳಿದರೆ ಸಾಕಾಯಿತು.

ಆಟಕ್ಕೆ ಬನ್ನಿ. ಶತ್ರುವಿಗೆ 9,000 ಎಚ್‌ಪಿ, ಅಂದರೆ ಜೀವದ ಅಂಕಿ. ನಿಮ್ಮ ಮಾಮೂಲಿ ಏಟು 4,000. ಕ್ರಿಟ್ ಡ್ಯಾಮೇಜ್ 50 ಇದ್ದರೆ ಕ್ರಿಟ್ ಏಟು 6,000. ಎರಡು ಮಾಮೂಲಿ ಏಟು 8,000, ಸಾಯುವುದಿಲ್ಲ. ಒಂದು ಮಾಮೂಲಿ, ಒಂದು ಕ್ರಿಟ್ ಆದರೆ 10,000, ಸಾಯುತ್ತಾನೆ. ಅಂದರೆ ಎರಡು ಏಟಿನಲ್ಲಿ ಕನಿಷ್ಠ ಒಂದು ಕ್ರಿಟ್ ಆಗಬೇಕು. ರೇಟ್ 50 ಇದ್ದರೆ ಅದು ನೂರಕ್ಕೆ 75 ಸಲ ಆಗುತ್ತದೆ. 60 ಮಾಡಿದರೆ 84 ಸಲ, 70 ಮಾಡಿದರೆ 91 ಸಲ.

ಈಗ ರೇಟ್ 50ರಲ್ಲೇ ಬಿಟ್ಟು ಡ್ಯಾಮೇಜನ್ನು 50ರಿಂದ 100ಕ್ಕೆ ಏರಿಸಿ. ಕ್ರಿಟ್ ಏಟು 8,000 ಆಯಿತು. ಶತ್ರು ಎರಡು ಏಟಿನಲ್ಲಿ ಸಾಯುವುದು ಎಷ್ಟು ಸಲ? ಅದೇ 75. ಸರಾಸರಿ ಏರಿದೆ, ಆದರೆ ಈ ಶತ್ರುವಿನ ಮಟ್ಟಿಗೆ ಏನೂ ಬದಲಾಗಿಲ್ಲ. 125 ಮುಟ್ಟಿದಾಗ ಮಾತ್ರ ಕ್ರಿಟ್ ಏಟು 9,000 ಆಗಿ ಒಂದೇ ಏಟಿಗೆ ಕೆಡವುವ ಸಾಧ್ಯತೆ ಬರುತ್ತದೆ. ಏಣಿಯ ಮೆಟ್ಟಿಲು ಇದ್ದ ಹಾಗೆ, ಎರಡು ಮೆಟ್ಟಿಲ ನಡುವೆ ನಿಂತರೆ ಮೇಲೇರಿದಂತಲ್ಲ. ಸರದಿ ಪ್ರಕಾರ ಹೊಡೆಯುವ ಆಟಗಳಲ್ಲಿ ಇದು ತುಂಬಾ ಮುಖ್ಯ. ಸಾಯದೆ ಉಳಿದವನು ತನ್ನ ಸರದಿಯಲ್ಲಿ ನಿಮಗೇ ಹೊಡೆಯುತ್ತಾನೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ನಿಮ್ಮ ಪಾತ್ರದ ಬಲವೆಲ್ಲ ಒಂದೇ ದೊಡ್ಡ ಏಟಿನಲ್ಲಿದ್ದರೆ ರೇಟ್ ಕಡೆ ಸ್ವಲ್ಪ ವಾಲಿ, 70-80ರವರೆಗೂ ಹೋಗಿ. ಮೇಲೆ ಹೇಳಿದಂತೆ ಚೌಕದ ಹತ್ತಿರ ನಷ್ಟ ಕಡಿಮೆ, ಆ ನಷ್ಟಕ್ಕೆ ಬದಲಾಗಿ ಭರವಸೆ ಸಿಗುತ್ತದೆ. ಸಣ್ಣ ಸಣ್ಣ ಏಟು ಪಟಪಟ ಬೀಳುವ ಪಾತ್ರವಾದರೆ ಒಂದಕ್ಕೆ ಎರಡರಲ್ಲೇ ಇರಿ. ಅಪರೂಪದ ದೊಡ್ಡ ನಂಬರಿನ ದಾಖಲೆಗಾಗಿ ಮತ್ತೆ ಮತ್ತೆ ರಿಟ್ರೈ ಮಾಡುವವರು ಮಾತ್ರ ಡ್ಯಾಮೇಜ್ ಕಡೆ ವಾಲಿಕೊಳ್ಳಬಹುದು.

ಕ್ರಿಟ್‌ಗಿಂತ ಅಟ್ಯಾಕ್ ಮೇಲು ಆಗುವುದು ಯಾವಾಗ

ಆಟ ಶುರು ಮಾಡಿದವರಿಗೆಲ್ಲ "ಕ್ರಿಟ್ ಮಾಡು, ಕ್ರಿಟ್ ಮಾಡು" ಅನ್ನುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ.

ಹೆಚ್ಚಿನ ಆಟಗಳಲ್ಲಿ ಅಟ್ಯಾಕ್, ಕ್ರಿಟ್, ಎಲಿಮೆಂಟ್ (ಬೆಂಕಿ, ಹಿಮ ಥರದ ಶಕ್ತಿ) ಬೋನಸ್ ಬೇರೆ ಬೇರೆ ಡಬ್ಬಿಗಳು. ಒಂದೊಂದು ಡಬ್ಬಿಯೊಳಗೆ ಕೂಡುತ್ತಾರೆ, ಡಬ್ಬಿ ಡಬ್ಬಿಯನ್ನು ಗುಣಿಸುತ್ತಾರೆ. ತುಂಬಿದ ಡಬ್ಬಿಗೆ ಇನ್ನೊಂದು ಹಿಡಿ ಹಾಕಿದರೆ ಏರುವುದು ಕಡಿಮೆ.

ಮೂಲ ಅಟ್ಯಾಕ್ 800, ಒಟ್ಟು ಅಟ್ಯಾಕ್ 1,900 ಇರುವ ಪಾತ್ರ ಇಟ್ಟುಕೊಳ್ಳಿ. 5.8 ಪರ್ಸೆಂಟ್‌ನ ಒಂದು ಅಟ್ಯಾಕ್ ರೋಲ್ ಅಂದರೆ 800ರ ಮೇಲೆ 46.4. 1,900ಕ್ಕೆ ಅದು ನೂರಕ್ಕೆ 2.44 ಹೆಚ್ಚಳ.

ಈ ಪಾತ್ರಕ್ಕೆ ರೇಟ್ 20, ಡ್ಯಾಮೇಜ್ 60 ಮಾತ್ರ ಇದ್ದರೆ? ಗುಣಕ 1.12. ಒಂದು ರೇಟ್ ರೋಲ್, 3.9, ಕೊಡುವುದು ನೂರಕ್ಕೆ 2.09. ಒಂದು ಡ್ಯಾಮೇಜ್ ರೋಲ್, 7.8, ಕೊಡುವುದು 1.39. ಇಲ್ಲಿ ಅಟ್ಯಾಕ್‌ನದೇ ಮೇಲುಗೈ. ಅದೇ ರೇಟ್ 70, ಡ್ಯಾಮೇಜ್ 140 ಇದ್ದರೆ ಗುಣಕ 1.98. ಆಗ ರೇಟ್ ರೋಲ್ ಆಗಲಿ, ಡ್ಯಾಮೇಜ್ ರೋಲ್ ಆಗಲಿ ಕೊಡುವುದು ನೂರಕ್ಕೆ 2.76, ಅಟ್ಯಾಕ್‌ನ 2.44ಕ್ಕಿಂತ ಹೆಚ್ಚು. ಕ್ರಿಟ್ ತನ್ನ ಜೊತೆಗಾರ ಬೆಳೆದ ಮೇಲೆ ಬೆಳೆಯುತ್ತದೆ. ಆರಂಭದಲ್ಲಿ ಆಯುಧದ ಲೆವೆಲ್, ಪಾತ್ರದ ಲೆವೆಲ್, ಅಟ್ಯಾಕ್ ನೋಡಿಕೊಳ್ಳಿ. ಒಳ್ಳೆಯ ಸಾಮಾನು ಸಿಗುವ ಹಂತಕ್ಕೆ ಬಂದಮೇಲೆ ಕ್ರಿಟ್‌ನ ಎರಡು ಬದಿಯನ್ನೂ ಒಟ್ಟಿಗೆ ಎಬ್ಬಿಸಿ.

ಕ್ರಿಟ್‌ನ ಅಗತ್ಯವೇ ಇಲ್ಲದ ಪಾತ್ರಗಳೂ ಇವೆ, ಅಲ್ಲಿ ಈ ಲೆಕ್ಕವನ್ನೇ ಹಾಕಬೇಡಿ. ಗೆನ್ಶಿನ್‌ನಲ್ಲಿ ಓವರ್‌ಲೋಡ್, ಸ್ವರ್ಲ್ ಥರದ ರಿಯಾಕ್ಷನ್‌ಗಳಿಗೆ (ಎರಡು ಎಲಿಮೆಂಟ್ ಸೇರಿದಾಗ ಆಗುವ ಪರಿಣಾಮ), ಸ್ಟಾರ್ ರೇಲ್‌ನಲ್ಲಿ ಶತ್ರುವಿನ ರಕ್ಷಣೆ ಮುರಿದಾಗ ಬೀಳುವ ಬ್ರೇಕ್ ಡ್ಯಾಮೇಜ್‌ಗೆ, ಸರದಿ ಸರದಿಗೆ ಸುಡುವ ಡ್ಯಾಮೇಜ್‌ಗೆ ಸಾಮಾನ್ಯವಾಗಿ ಕ್ರಿಟ್ ಅನ್ವಯಿಸುವುದಿಲ್ಲ. ಫೆವೋನಿಯಸ್ ಆಯುಧ ಹಿಡಿದ ಸಪೋರ್ಟ್ ಪಾತ್ರಕ್ಕೆ ಬೇಕಾದ್ದು ರೇಟ್ ಮಾತ್ರ, ಏಕೆಂದರೆ ಕ್ರಿಟ್ ಆದಾಗಲೇ ಅದು ತಂಡಕ್ಕೆ ಎನರ್ಜಿ ಕೊಡುವುದು. ಆ ಕ್ರಿಟ್ ಎಷ್ಟು ಜೋರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಎರಡು ಸಾಮಾನಿನಲ್ಲಿ ಒಂದನ್ನು ಆರಿಸುವುದು

ಹೋದ ವಾರ ತಮ್ಮ ದುರ್ಗದಿಂದ ಎರಡು ಫ್ಲವರ್‌ಗಳ (ಅದೂ ಒಂದು ಬಗೆಯ ಆರ್ಟಿಫ್ಯಾಕ್ಟ್) ಸ್ಕ್ರೀನ್‌ಶಾಟ್ ಕಳಿಸಿದ. "ಅಣ್ಣ, ಎರಡರದ್ದೂ ಒಟ್ಟು ಒಂದೇ ಬರುತ್ತೆ. ಯಾವುದು ಇಟ್ಕೊಳ್ಲಿ?" ಒಂದರಲ್ಲಿ ರೇಟ್ 10.1, ಡ್ಯಾಮೇಜ್ 7. ಇನ್ನೊಂದರಲ್ಲಿ ರೇಟ್ 3.5, ಡ್ಯಾಮೇಜ್ 20.2. ರೇಟನ್ನು ಇಮ್ಮಡಿ ಮಾಡಿ ಕೂಡಿದರೆ ಎರಡೂ 27.2. ಅವನು ಇಟ್ಟಿಗೆ ಎಣಿಸುವುದನ್ನು ಕಲಿತಿದ್ದ, ಅದು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ಇಂಥ ಕಡೆ ಫ್ಲವರ್ ಬಿಚ್ಚಿದ ಮೇಲೆ ಪುಟದಲ್ಲಿ ಉಳಿಯುವ ಅಂಕಿಯಿಂದ ಶುರು ಮಾಡಬೇಕು. ಅವನದು ರೇಟ್ 48, ಡ್ಯಾಮೇಜ್ 125, ಅಟ್ಯಾಕ್ 1,900, ಮೂಲ ಅಟ್ಯಾಕ್ 800. ಮೊದಲನೆಯದನ್ನು ಹಾಕಿದರೆ 58.1 ಮತ್ತು 132, ಗುಣಕ 1.767. ಎರಡನೆಯದನ್ನು ಹಾಕಿದರೆ 51.5 ಮತ್ತು 145.2, ಗುಣಕ 1.748. ಮೊದಲನೆಯದು ಕೂದಲೆಳೆಯಷ್ಟು ಮುಂದೆ. ಕ್ರಿಟ್ ಮಾತ್ರ ನೋಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಎರಡನೆಯದರ ಕೆಳಗಿನ ಸಾಲಿನಲ್ಲಿ ಅಟ್ಯಾಕ್ 9.9 ಪರ್ಸೆಂಟ್ ಇತ್ತು, ಮೊದಲನೆಯದರಲ್ಲಿ ಅದರ ಜಾಗದಲ್ಲಿ ಡಿಫೆನ್ಸ್. 800ಕ್ಕೆ 9.9 ಅಂದರೆ 79, ಅವನ ಅಟ್ಯಾಕ್‌ಗೆ ನೂರಕ್ಕೆ 4.2 ಹೆಚ್ಚಳ. 1.748ನ್ನು 1.042ರಿಂದ ಗುಣಿಸಿದರೆ 1.821. ಎರಡನೆಯದೇ ಮೇಲು, ನೂರಕ್ಕೆ ಮೂರರಷ್ಟು.

"ಎರಡನೇದು ಇಟ್ಕೋ, ಮೊದಲನೇದನ್ನ ಲಾಕ್ ಮಾಡಿ ಇಡು, ಬೇರೆ ಪಾತ್ರಕ್ಕೆ ಆಗುತ್ತೆ" ಎಂದು ಬರೆದೆ. ಐದು ನಿಮಿಷಕ್ಕೆ ಅವನ ನೋಟ್‌ಬುಕ್ಕಿನ ಹಾಳೆಯ ಫೋಟೊ ಬಂತು. ಅದೇ ಲೆಕ್ಕ, ಅವನದೇ ಕೈಬರಹ, ಕೊನೆಗೆ 1.821ರ ಕೆಳಗೆ ಎರಡು ಗೆರೆ.